ಡಾಂಬರಿನಿಂದ ಇಳಿದವನು

ಈ ಸಂಗತಿಯನ್ನು ಹೇಳಬೇಕೆಂದು ನಾನು ಹಲವು ಸಲ ಕುಳಿತಿದ್ದೇನೆ. ಒಮ್ಮೆ ಪೆನ್ನು ಬರೆಯಲಿಲ್ಲ, ಒಮ್ಮೆ ಕಡಲೆ ರಾಶಿಗೆ ಆಳು ಸಿಗಲಿಲ್ಲ, ಒಮ್ಮೆ ಸೊಂಟ ಹಿಡಿದುಕೊಂಡಿತು. ಹೇಳಲು ಮನಸ್ಸಿಲ್ಲದವನಿಗೆ ನೆಪಗಳಿಗೇನು ಕೊರತೆ? ವಿಷಯವಾದರೂ ಎಷ್ಟರದು? ಒಂದು ಕಾರು, ಒಂದು ಸೈಕಲ್ಲು, ಎರಡಕ್ಕೂ ಒಟ್ಟಿಗೆ ಸಾಲದಷ್ಟು ಅಗಲದ ಒಂದು ಡಾಂಬರು ರಸ್ತೆ. ಕಾರಿನಲ್ಲಿ ನಾನಿದ್ದೆ. ಸೈಕಲ್ಲಿನ ಮೇಲೆ ನನ್ನ ಗೆಳೆಯನಿದ್ದ. ಅವನ ಹೆಸರು ಈಗಲೇ ಬೇಡ.

ಮೊದಲು ನನ್ನ ಪರಿಚಯ ಆಗಲಿ. ನಾನು ಸೈಕಲ್ಲಿನ ಮನುಷ್ಯ. ಊರು ಸವಡಿ. ಹೊಟ್ಟೆಪಾಡು ರೋಣದ ಒಂದು ಅಡತಿ ಅಂಗಡಿಯಲ್ಲಿ, ರೈತರು ತಂದ ಕಡಲೆ, ಹೆಸರು, ಜೋಳದ ಚೀಲಗಳ ತೂಕ ನೋಡುವುದು. ಮೆಟ್ರಿಕ್ ಪಾಸಾದ ವರ್ಷ ಅಪ್ಪ ಕೊಡಿಸಿದ ಸೈಕಲ್ಲು ಈಗಲೂ ನನ್ನ ಬಳಿ ಇದೆ. ಚೌಕಟ್ಟು ಮಾತ್ರ ಅಂದಿನದು. ಗಾಲಿ, ಚೈನು, ಸೀಟು ಎಲ್ಲ ಎಷ್ಟೋ ಸಲ ಬದಲಾಗಿವೆ. ನನ್ನ ಸ್ಥಿತಿಯೂ ಅಷ್ಟೇ. ಹಲ್ಲು ಕಟ್ಟಿಸಿಕೊಂಡದ್ದು, ಕಣ್ಣಿಗೆ ಗಾಜು ಹಾಕಿಸಿಕೊಂಡದ್ದು. ಇಬ್ಬರೂ ಒಬ್ಬರನ್ನೊಬ್ಬರು ನಂಬಿ ಹೇಗೋ ಉರುಳುತ್ತಿದ್ದೇವೆ.

ಕಾರು ಹತ್ತುವ ಪ್ರಸಂಗ ನನಗೆ ಬರುವುದು ಅಪರೂಪ. ಯಾರದಾದರೂ ಲಗ್ನ, ಯಾರದಾದರೂ ಮಣ್ಣು, ಇಲ್ಲವೇ ದವಾಖಾನೆ. ಕಾರು ನನ್ನ ತಂಗಿಯ ಮಗ ಮಹಾಂತೇಶನದು. ಅವನು ನರಗುಂದದಲ್ಲಿ ಕಾಳಿನ ವ್ಯಾಪಾರಿ. ಮೊದಲ ಸಲ ಕುಳಿತಾಗ ಬಾಗಿಲನ್ನು ಮೆಲ್ಲಗೆ ಎಳೆದೆ, ಮುಚ್ಚಿಕೊಳ್ಳಲಿಲ್ಲ. ಎರಡನೆಯ ಸಲ ಜೋರಾಗಿ ಎಳೆದೆ, ಮಹಾಂತೇಶ ಎದೆ ಹಿಡಿದುಕೊಂಡ. ಕಾರಿನ ಬಾಗಿಲು ಹಾಕುವ ಹದ ನನಗೆ ಇಂದಿಗೂ ತಿಳಿದಿಲ್ಲ.

ಸೈಕಲ್ಲಿನವನ ಮೈ ಕಾರಿನೊಳಗೆ ಕುಳಿತರೂ ಸೈಕಲ್ಲು ಹೊಡೆಯುವುದನ್ನು ಬಿಡುವುದಿಲ್ಲ. ತಗ್ಗು ಬಂದರೆ ನನ್ನ ಬೆರಳುಗಳು ಇಲ್ಲದ ಬ್ರೇಕನ್ನು ಒತ್ತುತ್ತವೆ. ಗಜೇಂದ್ರಗಡದ ಗುಡ್ಡದ ಏರಿನಲ್ಲಿ ನಾನು ಮುಂದಕ್ಕೆ ಬಾಗಿ ತೊಡೆ ಬಿಗಿಯುತ್ತೇನೆ. ಒಮ್ಮೆ ಮಹಾಂತೇಶ ನೋಡಿ ನಕ್ಕ. “ಮಾಮಾ, ನೀವ್ಯಾಕ ತುಳ್ಯಾಕ ಹತ್ತೀರಿ? ಅದರ ಪಾಡಿಗಿ ಅದು ಏರತೈತಿ.” ನನಗೆ ನಾಚಿಕೆಯಾಯಿತು. ಆದರೂ ಏರು ಮುಗಿದ ಮೇಲೆ ನಾನೇ ಉಸ್ಸೆಂದೆ.

ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಮಾಸ್ತರರು ಜಡತ್ವದ ಬಗ್ಗೆ ಹೇಳುತ್ತಿದ್ದರು. ಓಡುವ ವಸ್ತು ಓಡುತ್ತಲೇ ಇರಲು ನೋಡುತ್ತದೆ, ಕುಳಿತದ್ದು ಕುಳಿತೇ ಇರಲು ನೋಡುತ್ತದೆ ಎಂದು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದವನು ನಾನು. ಅರ್ಥವಾದದ್ದು ಮಾತ್ರ ಕಾರಿನಲ್ಲಿ. ಮೆತ್ತನೆಯ ಸೀಟಿನಲ್ಲಿ ಒಂದು ಗಳಿಗೆ ಕುಳಿತ ಮನುಷ್ಯನಿಗೆ ತಾನು ಹುಟ್ಟಿದಾಗಿನಿಂದ ಅಲ್ಲೇ ಕುಳಿತಿದ್ದೆ ಅನ್ನಿಸತೊಡಗುತ್ತದೆ.

“ಕಾರು ನಮಗ ಆಗಿಬರೂದಿಲ್ಲ” ಎಂದು ನಾವು ಸೈಕಲ್ಲಿನವರು ಹೊರಗೆ ಹೇಳಿಕೊಳ್ಳುತ್ತೇವೆ. ಅದರಲ್ಲಿ ಸ್ವಲ್ಪ ನಿಜವಿದೆ. ಆಷಾಢದಲ್ಲಿ ನರಗುಂದದ ಕಡೆ ಸೈಕಲ್ಲು ಹೊಡೆದವನಿಗೆ ಎದುರು ಗಾಳಿ ಎಂದರೇನೆಂದು ಗೊತ್ತು; ಕಾರಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತದೆಂಬುದೇ ತಿಳಿಯದು. ಬೆಳಗಿನ ಹೊತ್ತು ಕಡಲೆ ಹೊಲದಿಂದ ಬರುವ ಹುಳಿ ವಾಸನೆ ಅದರೊಳಗೆ ಬರುವುದಿಲ್ಲ. ಕನ್ನಡಿಗೆ ತೂಗುಬಿಟ್ಟ ಸೀಸೆಯ ಸುಗಂಧವೊಂದೇ ಗತಿ. ಆದರೆ ಒಳಗಿನ ನಿಜ ಬೇರೆ. ಬೇಸಿಗೆಯಲ್ಲಿ ಆ ತಣ್ಣನೆಯ ಗಾಳಿ ಮುಖಕ್ಕೆ ಬಡಿದಾಗ ನನಗೆ ಭಾರಿ ಸುಖವಾಗಿದೆ. ಪರಿಚಯದವರು ನೋಡಲಿ ಎಂದು ಕಿಟಕಿಯ ಗಾಜು ಇಳಿಸಿದ್ದೂ ಉಂಟು.

ಸೈಕಲ್ಲಿನಲ್ಲಿ ಒಂದು ಮರ್ಯಾದೆಯಿದೆ. ನಮ್ಮ ಊರಿನ ಅಗಸಿ ಬಾಗಿಲ ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರೆ ನಾವು ಸೈಕಲ್ಲಿನಿಂದ ಇಳಿದು, ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗಿ, ಮತ್ತೆ ಹತ್ತುತ್ತಿದ್ದೆವು. ಇಳಿಯದೆ ಹೋದರೆ ಸಂಜೆಯೊಳಗೆ ಅಪ್ಪನಿಗೆ ಸುದ್ದಿ ಮುಟ್ಟುತ್ತಿತ್ತು. ಕಾರಿನವನು ಯಾರ ಮುಂದೆ ಇಳಿಯಬೇಕು, ಹೇಗೆ ಇಳಿಯಬೇಕು? ಅದಕ್ಕೆ ಇನ್ನೂ ಪದ್ಧತಿ ಹುಟ್ಟಿಲ್ಲ. ಅವನು ಕುಳಿತಲ್ಲೇ ಊರು ದಾಟುತ್ತಾನೆ.

ಸೈಕಲ್ಲಿನವನು ಇಳಿಯಬೇಕಾದ ಇನ್ನೊಂದು ಜಾಗ ಡಾಂಬರು. ಆಗ ನಮ್ಮ ಸವಡಿಯ ರಸ್ತೆ ಒಂದೇ ಗಾಡಿಯ ಅಗಲದ್ದು. ಎರಡೂ ಕಡೆ ಎರೆಮಣ್ಣು. ಬೇಸಿಗೆಯಲ್ಲಿ ಅದು ಕಲ್ಲು. ಒಂದು ಮಳೆ ಬಿದ್ದರೆ ಸಾಕು, ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಒಳಗೆಲ್ಲ ತುಂಬಿ ಗಾಲಿ ತಿರುಗದಂತೆ ಮಾಡುತ್ತದೆ. ಆಮೇಲೆ ಕಡ್ಡಿಯಿಂದ ಕೆರೆಯಬೇಕು, ಇಲ್ಲವೇ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಹಿಂದೆ ಹಾರ್ನು ಕೇಳಿದರೆ ನಾವು ಆ ಮಣ್ಣಿಗೆ ಇಳಿಯುತ್ತಿದ್ದೆವು. ಇಳಿದು, ಕಾರಿನವನ ಮನೆತನವನ್ನು ನಾಲ್ಕು ಮಾತುಗಳಲ್ಲಿ ನೆನೆದು, ಮತ್ತೆ ಹತ್ತುತ್ತಿದ್ದೆವು.

ನಾವು ಎಂದರೆ ನಾನು ಮತ್ತು ಆ ಗೆಳೆಯ. ಅವನು ದರ್ಜಿ. ರೋಣದ ಸಂತೆಪೇಟೆಯಲ್ಲಿ ಅವನ ಸಣ್ಣ ಅಂಗಡಿ. ದಿನವೂ ಬೆಳಿಗ್ಗೆ ಊರಿನಿಂದ ಇಬ್ಬರೂ ಕೂಡಿ ಹೊರಡುತ್ತಿದ್ದೆವು. ದಾರಿಯುದ್ದಕ್ಕೂ ಊರ ಸುದ್ದಿ. ಅವನು ಸೀಟನ್ನು ತಗ್ಗಿಸಿಕೊಂಡು, ಮೊಣಕಾಲು ಹೊರಗೆ ಚಾಚಿ ತುಳಿಯುತ್ತಾನೆ. ಎಷ್ಟು ದೂರದಿಂದ ಬೆನ್ನು ಕಂಡರೂ ಅವನೇ ಎಂದು ಹೇಳಬಲ್ಲೆ. ಈ ಮಾತನ್ನು ನೆನಪಿಡಿ. ನಾನು ಗುರುತು ಹಿಡಿಯಲಿಲ್ಲ ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮಹಾಂತೇಶ ಹೊಸ ಕಾರು ತಂದ. ಅದಕ್ಕೆ ಪೂಜೆ ಮಾಡಿಸಲು ಗಜೇಂದ್ರಗಡದ ಗುಡ್ಡದ ದೇವರಿಗೆ ಹೊರಟವನು ಸವಡಿಗೆ ಬಂದು ನನ್ನನ್ನೂ ಕರೆದುಕೊಂಡ. ಆ ದಿನ ನಾನು ಬರುವುದಿಲ್ಲವೆಂದು ಗೆಳೆಯನಿಗೆ ಮುಂಚೆಯೇ ಹೇಳಿದ್ದೆ. ಯಾಕೆಂದು ಹೇಳಿರಲಿಲ್ಲ. ಹಿಂದಿನ ರಾತ್ರಿ ಮಳೆಯಾಗಿತ್ತು. ಊರು ದಾಟಿ ಸ್ವಲ್ಪ ದೂರ ಹೋದಾಗ ಮುಂದೆ ಆ ಬೆನ್ನು ಕಂಡಿತು. ಕ್ಯಾರಿಯರಿನ ಮೇಲೆ ಬಿಳಿ ಬಟ್ಟೆಯ ಗಂಟು. ಅದರಲ್ಲಿ ಒಂದು ಲಗ್ನದ ಮನೆಯ ಕುಪ್ಪಸಗಳಿದ್ದವು. ಹಿಂದಿನ ದಿನ ಅವನೇ ಹೇಳಿದ್ದ.

ಮಹಾಂತೇಶ ಕಾರು ನಿಧಾನ ಮಾಡಿದ. “ಮಾಮಾ, ಸ್ವಲ್ಪ ಕೆಳಗ ಇಳಸ್ಲೇನ್ರಿ?” ಎಂದು ಕೇಳಿದ. ನೋಡಿ, ಅವನು ಕೇಳಿದ್ದ.

“ಬ್ಯಾಡ, ಹೊಸಾ ಗಾಡಿ ರಾಡಿ ಆಗತೈತಿ,” ಎಂದೆ ನಾನು. “ಆಂವಾ ತಾನ ಇಳೀತಾನ.”

ಇದು ಸೈಕಲ್ಲಿನವನು ಮಾತ್ರ ಆಡಬಲ್ಲ ಮಾತು. ಹುಟ್ಟಾ ಕಾರಿನವನಿಗೆ ಸೈಕಲ್ಲಿನವನು ಇಳಿಯುತ್ತಾನೋ ಇಲ್ಲವೋ ಎಂಬ ಅನುಮಾನವಾದರೂ ಇರುತ್ತದೆ. ನನಗೆ ಅನುಮಾನವಿರಲಿಲ್ಲ. ಜೀವನವಿಡೀ ಇಳಿದವನು ನಾನು, ಅವನ ಜೊತೆಯಲ್ಲೇ ಇಳಿದವನು. ಮಹಾಂತೇಶ ಒಂದು ಹಾರ್ನು ಹಾಕಿದ. ಗೆಳೆಯ ತಿರುಗಿಯೂ ನೋಡದೆ ಮಣ್ಣಿಗೆ ಇಳಿದ. ನಾನು ಕಿಟಕಿಯ ಕಡೆಯಿಂದ ಮುಖ ತಿರುಗಿಸಿಕೊಂಡೆ.

ದಾಟಿದ ಮೇಲೆ ಸ್ವಲ್ಪ ವಾಲಿ ಕನ್ನಡಿಯಲ್ಲಿ ನೋಡಿದೆ. ಗಾಲಿ ಸಿಕ್ಕಿಕೊಂಡು ನಿಂತುಬಿಟ್ಟಿತ್ತು. ಅವನು ಗಂಟನ್ನು ಬಿಚ್ಚಿ ತಲೆಯ ಮೇಲೆ ಇಟ್ಟುಕೊಂಡಿದ್ದ. ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ವಾಲಿದ ಸೈಕಲ್ಲು, ಒಂದು ಕಾಲು ಮೊಣಕಾಲಿನವರೆಗೆ ಎರೆಯಲ್ಲಿ. ಆ ಚಿತ್ರ ಸಣ್ಣದಾಗುತ್ತ ಹೋಯಿತು. ನನ್ನೊಳಗೆ ಮಾತ್ರ ಸಣ್ಣದಾಗಲಿಲ್ಲ. ಗುಡ್ಡದ ಮೇಲೆ ಪೂಜೆಯಾಯಿತು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿದರು. ಯಾರ ದೃಷ್ಟಿಯೂ ತಾಗದಿರಲಿ ಎಂದು ನಾನೂ ಕೈಮುಗಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಕೂಡಿ ಹೊರಟೆವು. ಅವನ ಕಾಲಲ್ಲಿ ಬೇರೆ ಬೇರೆ ಜೋಡಿಯ ಎರಡು ಚಪ್ಪಲಿಗಳಿದ್ದವು. ಒಂದನ್ನು ಎರೆಮಣ್ಣು ನುಂಗಿತ್ತು. ಕುಪ್ಪಸಗಳಿಗೆ ಏನೂ ಆಗಿಲ್ಲವೆಂದು ಸಮಾಧಾನದಿಂದ ಹೇಳಿದ. ಆಮೇಲೆ, “ನಿನ್ನಿ ಯಾವನೋ ಕಾರಿನಾಂವ ಡಾಂಬರ ಬಿಡ್ಲೇ ಇಲ್ಲ ನೋಡೋ. ಕಾರಿನ್ಯಾಗ ಕುಂತ್ರ ಎರಿಮಣ್ಣ ಮರತ ಹೋಗತೈತೇನು?” ಎಂದ.

ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಇಬ್ಬರೂ ಸೇರಿ ನಕ್ಕುಬಿಡಬಹುದಿತ್ತು. ನಾನು ಹೇಳಿದ್ದು ಇಷ್ಟು: “ಹೌದಪಾ, ಕಾರಿನ ಮಂದಿನ ಹಂಗ.”

ಮಣ್ಣಿಗೆ ಇಳಿಸಿದ್ದು ಒಂದು ತಪ್ಪು. ಈ ಮಾತು ಅದಕ್ಕಿಂತ ದೊಡ್ಡದು. ಆಮೇಲೆ ನೂರಾರು ಬೆಳಗುಗಳು ಬಂದವು, ಪ್ರತಿಯೊಂದರಲ್ಲೂ ನಾನು ಮಳೆ ಬೆಳೆಯ ಮಾತು ತೆಗೆದೆ.

ಮೊನ್ನೆ ಅವನ ಕಣ್ಣಿಗೆ ಪೊರೆ ಬಂದಿದೆಯೆಂದು ಗಜೇಂದ್ರಗಡದ ದವಾಖಾನೆಗೆ ತೋರಿಸಲು ಹೊರಟೆವು. ಮಹಾಂತೇಶನ ಕಾರನ್ನು ನಾನೇ ಕರೆಸಿದ್ದೆ. ಗೆಳೆಯನನ್ನು ಮುಂದೆ ಕೂರಿಸಿ ನಾನು ಹಿಂದೆ ಕುಳಿತೆ. ಅವನೂ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ, ಅದನ್ನು ನೋಡಿ ನನಗೆ ಹಿತವಾಯಿತು. ರಸ್ತೆ ಈಗ ಅಗಲವಾಗಿದೆ. ಹಳ್ಳದ ಹತ್ತಿರ ಮಾತ್ರ ಕೆಲಸ ನಡೆದು ಒಂದೇ ಪಟ್ಟಿ ಡಾಂಬರು ಉಳಿದಿತ್ತು. ಅಕಾಲದ ಮಳೆಗೆ ಪಕ್ಕದ ಮಣ್ಣು ತೊಯ್ದಿತ್ತು. ಮುಂದೆ ಹಸಿ ಮೇವಿನ ಹೊರೆ ಹೇರಿಕೊಂಡ ಒಂದು ಸೈಕಲ್ಲು. ಪೊರೆ ಬಂದ ಕಣ್ಣಿಗೂ ಅದು ಕಂಡಿತು.

“ತಮ್ಮಾ, ನೀನ ಸ್ವಲ್ಪ ಇಳಸಪಾ,” ಎಂದ ಗೆಳೆಯ. “ಆಂವಾ ಮೇವು ಹೇರ್ಯಾನ. ಇಳದ್ರ ಗಾಲಿ ತಿರಗೂದಿಲ್ಲ.”

ಮಹಾಂತೇಶ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಕಾರನ್ನು ಮಣ್ಣಿಗೆ ಇಳಿಸಿದ. ಗಾಲಿ ಸ್ವಲ್ಪ ಜಾರಿತು, ಬಾಗಿಲ ತನಕ ರಾಡಿ ಸಿಡಿಯಿತು. ಸೈಕಲ್ಲಿನವನು ಡಾಂಬರಿನ ಮೇಲೆಯೇ ಇದ್ದು, ಏನಾಯಿತೆಂದು ತಿಳಿಯದೆ, ಒಂದು ಕೈ ಎತ್ತಿದ. ಗೆಳೆಯನೂ ಕೈ ಎತ್ತಿದ. ಹಿಂದೆ ತಿರುಗಿ ನನ್ನನ್ನು ನೋಡಲಿಲ್ಲ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತೋ, ಅವನ ಸ್ವಭಾವವೇ ಅಂಥದೋ, ನನಗೆ ತಿಳಿಯದು. ಕೇಳಿ ತಿಳಿದುಕೊಳ್ಳುವ ಹಕ್ಕೂ ನನಗಿಲ್ಲ.

ಪೊರೆಯ ಕಣ್ಣಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ; ಹೊಲಿಗೆ ಕೈಯಂದಾಜಿನ ಮೇಲೆ ನಡೆದಿದೆ. ಮಧ್ಯಾಹ್ನ ಅವನ ಅಂಗಡಿಯಲ್ಲಿ ಕುಳಿತು ಪೇಪರು, ಪತ್ರಿಕೆ ಓದಿ ಹೇಳುವುದು ನನ್ನ ಕೆಲಸ. ಬರಹ ಸಪ್ಪೆಯಾಗಿದ್ದರೆ ಅವನು ಮಷಿನ್ ತುಳಿಯುತ್ತಲೇ ಇರುತ್ತಾನೆ. ಮನಸ್ಸಿಗೆ ಹತ್ತಿದರೆ ಕಾಲು ನಿಲ್ಲಿಸುತ್ತಾನೆ. ಇದು ಅಚ್ಚಾಗಿ ಬಂದರೆ ಇದನ್ನೂ ನಾನೇ ಓದಬೇಕು. ಕಾರಿನ ಬಾಗಿಲಿನ ಮಾತಿಗೆ ಅವನು ನಗಬಹುದು. ಬಿಳಿ ಗಂಟಿನ ಮಾತು ಬಂದಾಗ ಮಷಿನ್ ನಿಲ್ಲಬಹುದು. ಆಗ ಓಡಿಹೋಗಲು ನನಗೆ ಕಾರೂ ಇರುವುದಿಲ್ಲ. ನನ್ನ ಸೈಕಲ್ಲು ಹೊರಗೆ ಅವನ ಸೈಕಲ್ಲಿಗೆ ಒರಗಿ ನಿಂತಿರುತ್ತದೆ. ಈ ಕೊನೆಯ ಸಾಲನ್ನು ಓದದೆ ಗತಿಯಿಲ್ಲ. ಅವತ್ತ ಆ ಕಾರಿನ್ಯಾಗ ನಾನ ಇದ್ದೆ, ನಿನ್ನ ಗುರ್ತ ಹಿಡದ ಇಳಿಸಿದೆ. ತಪ್ಪಾತು, ಫಕೀರಪ್ಪ.