ಅಂಟಕ್ಕ ಮುಚ್ಚಿಸಿದ ಕಿಟಕಿ

ಅಂಟಕ್ಕ ಅಂದರೆ ಚಪ್ಪಲಿ ಕಾರ್ಖಾನೆಯಲ್ಲಿ ಗೊತ್ತಿಲ್ಲದವರಿಲ್ಲ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಷ್ಟೇ. ಇಪ್ಪತ್ತೆರಡು ವರ್ಷದಲ್ಲಿ ಅವಳು ಅಂಟಿಸಿದ ಒಂದು ಅಟ್ಟೆಯೂ ಬಿಟ್ಟುಕೊಂಡು ವಾಪಸು ಬಂದದ್ದಿಲ್ಲ.

ನೋಡುವವರಿಗೆ ಸಲೀಸು ಕೆಲಸ. ಅಟ್ಟೆಗೂ ತೊಗಲಿಗೂ ಅಂಟು ಬಳಿದು ಕಾಯಬೇಕು. ಅಂಟಿನೊಳಗಿನ ರಬ್ಬರಿನ ಅಣುಗಳು ಉದ್ದುದ್ದ, ಒಂದನ್ನೊಂದು ಮೈತುಂಬ ಹಿಡಿದುಕೊಳ್ಳುವಂಥವು. ರಬ್ಬರನ್ನು ಕರಗಿಸಿಟ್ಟ ದ್ರವದ ಅಣುಗಳೋ ಪುಟಾಣಿಗಳು. ಅವುಗಳ ನಡುವಿನ ಸೆಳೆತ ಸಡಿಲ, ಕೈಬಿಟ್ಟು ಗಾಳಿಗೆ ಹಾರಿಬಿಡುತ್ತವೆ. ಬೆರಳಿನ ಬೆನ್ನು ತಾಗಿಸಿದಾಗ ಅಂಟಲಿಲ್ಲವೋ, ಅವು ಹೋದವು ಅಂತಲೇ ಲೆಕ್ಕ. ಆಗ ಎರಡನ್ನೂ ಕೂಡಿಸಿ ಒತ್ತಿದರೆ ರಬ್ಬರು ರಬ್ಬರನ್ನು ತಬ್ಬಿಕೊಳ್ಳುತ್ತದೆ, ಇಬ್ಬರು ಜಗ್ಗಿದರೂ ಬಿಡದು. ಹಾರಿದವು ಎಲ್ಲಿಗೆ ಹೋದವು ಅಂತ ಮಾತ್ರ ಯಾರೂ ಕೇಳಲಿಲ್ಲ.

ಧೂಳು ಕೂತರೆ ಅಂಟು ಹಿಡಿಯದೆಂದು ಕಿಟಕಿ ಮುಚ್ಚಿಸಿದವಳು ಅಂಟಕ್ಕನೇ. ತಂಗಿಯನ್ನು ಕೆಲಸಕ್ಕೆ ಸೇರಿಸಿ, ಅಂಟು ಬಳಿಯಲು ಆ ಮುಚ್ಚಿದ ಕಿಟಕಿಯ ಮೂಲೆಯಲ್ಲೇ ಕೂರಿಸಿದಳು. ತಾನು ಬಾಗಿಲ ಪಕ್ಕ, ಒತ್ತುವ ಯಂತ್ರದ ಹತ್ತಿರ. ತಲೆ ಸುತ್ತುತ್ತದೆಂದು ತಂಗಿ ಅಂದರೆ, ಹೊಟ್ಟೆಗೆ ಹಾಕದೆ ಬಂದರೆ ಸುತ್ತದೆ ಇನ್ನೇನು ಅಂತ ಗದರಿದಳು.

ಒಂದು ಸಂಜೆ ಮನೆಗೆ ನಡೆಯುವಾಗ ತಂಗಿಯ ಚಪ್ಪಲಿ ಹತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

"ಊರಿಗೆಲ್ಲಾ ಚಪ್ಪಲಿ ಮಾಡ್ತೀಯ, ನಿನ್ ಕಾಲಲ್ಲಿ ಒಂದು ನಿಲ್ಲಲ್ವಲ್ಲೇ," ಅಂತ ಅಕ್ಕ ನಕ್ಕಳು. ತಂಗಿಯೂ ನಕ್ಕಳು. ತಿಂಗಳೊಳಗೆ ಅವಳಿಗೆ ಮೆಟ್ಟಿಲು ಹತ್ತಲಾಗಲಿಲ್ಲ.

ಡಾಕ್ಟರು ಮೊಣಕಾಲಿಗೆ ಪುಟ್ಟ ಸುತ್ತಿಗೆ ಬಡಿದು ನೋಡಿದರು. ಅಂಟಿನ ಆವಿ ನರ ತಿಂದಿದೆ, ಮತ್ತೆ ನಡೆದರೂ ನಡೆದಾಳು, ವರ್ಷಗಳು ಬೇಕು, ಖಾತ್ರಿ ಕೊಡಲಾರೆ ಅಂದರು. ಕೆಲಸದ ಕಡೆ ಕಿಟಕಿ ಇಲ್ಲವೇ ಅಂತ ಕೇಳಿದರು.

"ಇದೆ ಡಾಕ್ಟ್ರೇ, ದೊಡ್ಡದೇ ಇದೆ," ಅಂದಳು ತಂಗಿ. ಮುಚ್ಚಿಸಿದವರು ಯಾರೆಂದು ಹೇಳಲಿಲ್ಲ.

ಮರುದಿನ ಅಂಟಕ್ಕ ಎಲ್ಲರಿಗಿಂತ ಮೊದಲು ಹೋಗಿ ಕಿಟಕಿ ತೆರೆದಳು. ಮಧ್ಯಾಹ್ನದೊಳಗೆ ಮೇಸ್ತ್ರಿ ಧೂಳು ಕೂತ ಅಟ್ಟೆಗಳನ್ನು ಅವಳ ಮುಂದೆ ಸುರಿದು, ನೀನೇ ಕಲಿಸಿದ ಪಾಠವಲ್ಲವೇ ಅಂತ ಕಿಟಕಿ ಎಳೆದು ಮುಚ್ಚಿದ. ಅವಳು ಅಂಟಿನ ಕುಂಚ ಕೆಳಗಿಟ್ಟು ಹೊರಟುಬಂದಳು.

ಮನೆಯಲ್ಲಿ ಬಾಗಿಲು ತೆರೆದಿಟ್ಟು, ಅಂಟಿನ ಸುದ್ದಿಗೇ ಹೋಗದೆ, ದಪ್ಪ ದಾರದಲ್ಲಿ ಹೊಲಿದು ಹಿಮ್ಮಡಿಗೆ ಪಟ್ಟಿಯಿರುವ ಒಂದು ಜೊತೆ ಚಪ್ಪಲಿ ಮಾಡಿದಳು. ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಾಲ ಬಳಿ ಕೂತು, ಎರಡೂ ಪಟ್ಟಿ ಬಿಗಿದಳು.

ತಂಗಿ ಬೀದಿಯ ಕಡೆ ನೋಡುತ್ತಿದ್ದಳು. "ಹಾಕಿದ್ಯೇನಕ್ಕಾ?"

"ಇನ್ನೂ ಇಲ್ಲ ಕಣೆ," ಅಂದಳು ಅಂಟಕ್ಕ. ಬಿಗಿದ ಪಟ್ಟಿಗಳನ್ನು ಸದ್ದಾಗದಂತೆ ಬಿಚ್ಚತೊಡಗಿದಳು.