ಯಾರೂ ಹೊಡೆಯದ ಕರಾಟೆ

ರಾಜಾಜಿನಗರದ ಒಂದು ಶಾಲೆಯ ಅಂಗಳದಲ್ಲಿ ಭಾನುವಾರ ಬೆಳಗ್ಗೆ ಕರಾಟೆ ಕಲಿಸುತ್ತಿದ್ದರು. ಮಾಸ್ಟರ್ ಯಾವುದೋ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್, ಮದ್ರಾಸಿನಲ್ಲಿ ಕಲಿತು ಬಂದವರು. ಎಂಬತ್ತರ ದಶಕದ ಶುರು. ಬೀದಿಯ ಹುಡುಗರೆಲ್ಲ ಸಿನಿಮಾ ನೋಡಿ ಹೆಂಚು ಒಡೆಯುವ ಹುಚ್ಚು ಹತ್ತಿಸಿಕೊಂಡಿದ್ದರು. ನನಗೆ ಹೆಂಚು ಬೇಕಿರಲಿಲ್ಲ. ಆಫೀಸಿಗೆ ಹೋಗುವ ಬಸ್ಸಿನಲ್ಲಿ ಹಿಂದಿನಿಂದ ಒತ್ತಿಕೊಂಡು ನಿಲ್ಲುವವರ ಕೈ ತಿರುಚಬೇಕು, ಅಷ್ಟೇ ಆಸೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೂಗು ಮುರಿದುಕೊಂಡು ಬಂದರೆ ಯಾರು ಮದುವೆಯಾಗುತ್ತಾರೆ ಎಂದು ಅಮ್ಮ ಗೊಣಗಿದರು, ಆಮೇಲೆ ಸುಮ್ಮನಾದರು.

ಅಷ್ಟು ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗೆ ನಡೆದುಕೊಂಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಜಗಳಕ್ಕೆ ನಾನೇನು ಹಿಂದೆ ಬೀಳುವವಳಲ್ಲ. ಇವರೋ, ಅಕ್ಕ ಬಂದರು ಎಂದು ದಾರಿ ಬಿಡುತ್ತಿದ್ದರು, ಚಪ್ಪಲಿ ಬಿಡಲು ನೆರಳಿನಲ್ಲಿ ಜಾಗ ಮಾಡಿಕೊಡುತ್ತಿದ್ದರು. ಕಷ್ಟ ಶುರುವಾಗುತ್ತಿದ್ದದ್ದು ಮಾಸ್ಟರ್ "ಜೋಡಿ" ಎಂದಾಗ. ಎಲ್ಲರೂ ಪಕ್ಕದವನ ಕಡೆ ತಿರುಗಬೇಕು, ಒಬ್ಬ ಹೊಡೆಯಬೇಕು, ಇನ್ನೊಬ್ಬ ತಡೆಯಬೇಕು. ನನ್ನ ಪಕ್ಕದವನು ಯಾವಾಗಲೂ ಆ ಕಡೆಗೇ ತಿರುಗುತ್ತಿದ್ದ. ನಾನು ಹೋಗಿ ವರಾಂಡದ ಕಂಬದ ಮುಂದೆ ನಿಲ್ಲುತ್ತಿದ್ದೆ.

ಮಾಸ್ಟರಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡು, ನಿಮಗೆ ಒಂಟಿ ವರಸೆ ಚೆನ್ನಾಗಿ ಬರುತ್ತಲ್ಲ, ಅದನ್ನೇ ಮಾಡಿ ಎಂದರು. ಎದುರಿಗೆ ಶತ್ರು ಇದ್ದಾನೆ ಎಂದುಕೊಂಡು ಗಾಳಿಗೆ ಗುದ್ದುವುದು, ಗಾಳಿಗೆ ಒದೆಯುವುದು. ಮಾಡಿದೆ, ವರ್ಷಗಟ್ಟಲೆ ಮಾಡಿದೆ. ನನ್ನ ವರಸೆ ನೋಡಲು ಬೇರೆ ಕ್ಲಾಸಿನವರೂ ಬರುತ್ತಿದ್ದರು. ಮುಗಿದ ಮೇಲೆ ಹುಡುಗರೆಲ್ಲ ಒಬ್ಬರ ಮೈಗೆ ಒಬ್ಬರು ಒರಗಿಕೊಂಡು, ಯಾರ ಏಟು ಯಾರಿಗೆ ಬಿತ್ತು ಎಂದು ನಗುತ್ತಾ ಟೀ ಕುಡಿಯುತ್ತಿದ್ದರು. ಆ ಮಾತಿಗೆ ಸೇರಲು ನನ್ನ ಮೈಮೇಲೆ ಒಂದು ಏಟೂ ಇರಲಿಲ್ಲ. ಹೊಟ್ಟೆಕಿಚ್ಚಾಗುತ್ತಿತ್ತು.

ಕಪ್ಪು ಬೆಲ್ಟಿಗೆ ವರಸೆಯೊಂದೇ ಸಾಲದು, ಎದುರಾಳಿಯ ಜೊತೆ ಸೆಣಸಲೇಬೇಕು. ಪರೀಕ್ಷೆಯ ದಿನ ಮಾಸ್ಟರ್ ನನಗೆ ಕ್ಲಾಸಿನಲ್ಲೇ ಒರಟನೆಂದು ಹೆಸರಾದವನನ್ನು ಜೊತೆ ಮಾಡಿದರು. ಸೈಕಲ್ ಶಾಪ್ ಇಟ್ಟಿದ್ದ ಮನುಷ್ಯ, ಅವನ ಏಟು ತಿಂದವರು ಎರಡು ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಸದ್ಯ, ಇವತ್ತಾದರೂ ನನಗೆ ಬೀಳುತ್ತದೆ ಎಂದು ಖುಷಿಯಾಯಿತು. ಅವನು ಎರಡೂ ಕೈ ಮುಖದ ಮುಂದೆ ಇಟ್ಟುಕೊಂಡು ಹಿಂದೆ ಹಿಂದೆ ಹೋದ. ನಾನು ಹೊಡೆದೆ, ಅವನು ತಿಂದ. ಹಲ್ಲು ಕಚ್ಚಿಕೊಂಡು, ಹೊಡೀರಿ ಎಂದೆ.

"ಆಗಲ್ಲ ಅಕ್ಕ," ಎಂದ ಮೆಲ್ಲಗೆ. "ನಮ್ಮನೇಲೂ ಹೆಣ್ಮಕ್ಳಿದಾರೆ."

ಬೆಲ್ಟ್ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ತಟ್ಟಿದವನು ಅವನೇ. ಕೊಟ್ಟ ಬೆಲ್ಟು ಕಟ್ಟಿಕೊಳ್ಳಲು ನಾಚಿಕೆಯಾಯಿತು. ಬಸ್ಸಿನಲ್ಲಿ ಒಬ್ಬನಿಗೆ ಮೊಣಕೈ ಆಡಿಸಿದ್ದುಂಟು, ಅವನು ಮುಂದಿನ ಸ್ಟಾಪಿನಲ್ಲಿ ಇಳಿದುಹೋದ, ಅದೇನು ಪರೀಕ್ಷೆಯಲ್ಲ. ನಾನು ಕಲಿತದ್ದು ನಿಜವೋ ನಾಟಕವೋ ನನಗೇ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಒಬ್ಬರಾದರೂ ನನಗೆ ಮನಸಾರೆ ಹೊಡೆಯಬೇಕಿತ್ತು.

ಆಮೇಲೆ ನಾನೇ ಕಲಿಸತೊಡಗಿದೆ, ವಿಜಯನಗರದ ಒಂದು ಮಹಿಳಾ ಸಮಾಜದ ಹಾಲಿನಲ್ಲಿ, ಹೊಲಿಗೆ ಕ್ಲಾಸ್ ಮುಗಿದ ಮೇಲೆ. ಬರೀ ಹೆಂಗಸರು. ಅಷ್ಟು ಹೊತ್ತಿಗೆ ಅಪ್ಪ ಅಮ್ಮ ಅಣ್ಣನ ಜೊತೆ ಮೈಸೂರಿಗೆ ಹೋಗಿದ್ದರು, ನಾನು ಬಸವೇಶ್ವರನಗರದಲ್ಲಿ ಒಂದು ಮನೆಯ ಹಿಂಭಾಗ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಕರಾಟೆಯವಳೆಂದು ಓನರ್ ಮನೆಯವರು ನನ್ನನ್ನು ತಮಾಷೆಗೂ ಮುಟ್ಟುತ್ತಿರಲಿಲ್ಲ. ಸಂಜೆ ಹಾಲಿನಲ್ಲಿ ಬಿಟ್ಟರೆ ದಿನವಿಡೀ ಯಾರ ಕೈಯೂ ನನಗೆ ತಾಗುತ್ತಿರಲಿಲ್ಲ.

ನನ್ನ ಕ್ಲಾಸಿನಲ್ಲಿ ಒಂಟಿ ವರಸೆ ಕೊನೆಗೆ. ಮೊದಲ ದಿನವೇ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸುತ್ತಿದ್ದೆ. ಮುಖಕ್ಕೆ ಬೇಡ, ಹೊಟ್ಟೆಗೆ, ಪಕ್ಕೆಗೆ, ತಾಗಿದ್ದು ಗೊತ್ತಾಗುವ ಹಾಗೆ ಹೊಡೆಯಿರಿ ಎನ್ನುತ್ತಿದ್ದೆ. ಏಟು ಎಂದರೇನು ಎಂದು ಮೈಗೆ ಗೊತ್ತಾಗದೆ ಕೈ ತಡೆಯುವುದನ್ನು ಕಲಿಯುವುದಿಲ್ಲ. ನನಗೆ ಯಾರೂ ಕಲಿಸದ ಪಾಠ ಅದೊಂದೇ, ಹಾಗಾಗಿ ಅದನ್ನೇ ಕಲಿಸಿದೆ.

ಅಲ್ಲಿಗೆ ಹೊಸಹಳ್ಳಿಯ ಹಳೇ ಮನೆತನದ ಒಬ್ಬಳು ಬರುತ್ತಿದ್ದಳು, ಟೈಪಿಂಗ್ ಕಲಿಯುತ್ತಿದ್ದ ಹುಡುಗಿ. ಮನೆಯಲ್ಲಿ ಇನ್ನೂ ಎಮ್ಮೆ ಕಟ್ಟಿದ್ದರು; ಹಾಲು ಕರೆದು, ಹುಲ್ಲು ಹೊತ್ತು ಅವಳ ಮುಂಗೈ ಗಟ್ಟಿಯಾಗಿತ್ತು. ಒಂದು ಸಂಜೆ ಅವಳ ಜೊತೆಯವಳು ಬರಲಿಲ್ಲ. ನಾನೇ ಎದುರಿಗೆ ನಿಂತೆ. ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಅವಳು ಎಡಗೈ ತೋರಿಸಿ ಬಲಗೈಯಲ್ಲಿ ಪಕ್ಕೆಗೆ ಬಿಟ್ಟಳು ನೋಡಿ, ಉಸಿರು ನಿಂತುಹೋಯಿತು. ಕೂತುಬಿಟ್ಟೆ. ಅವಳು ಹೆದರಿ ನನ್ನ ಭುಜ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬರುತ್ತಿದ್ದರೂ ನನಗೆ ನಗು ತಡೆಯಲಾಗಲಿಲ್ಲ.

"ಚೆನ್ನಾಗಿ ಬಿತ್ತು ಕಣೇ," ಎಂದೆ. "ಇನ್ನೊಂದು ಹಾಕು."

ಹಾಕಿದಳು. ಈ ಸಲ ನನ್ನ ಕೈ ತಾನಾಗಿ ಎದ್ದು ಅವಳ ಕೈಯನ್ನು ತಡೆಯಿತು. ನಾನು ಕಲಿತದ್ದು ನಿಜವಾಗಿತ್ತು. ಹಾಲ್ ಬಾಗಿಲು ಹಾಕುವವರು ಬಂದು ನಿಲ್ಲುವ ತನಕ ಇಬ್ಬರೂ ಕೊಟ್ಟೆವು, ತಿಂದೆವು. ಆಮೇಲೆ ಕಾಫಿ ಕುಡಿಯುತ್ತಾ, ಯಾವ ಏಟು ಯಾರಿಗೆ ಎಂದು ಮಾತಾಡಿದೆವು. ಮನೆಗೆ ನಡೆದುಕೊಂಡೇ ಹೋದೆ. ಇಷ್ಟು ವರ್ಷದ ಮೇಲೆ ನನಗೂ ಒಂದು ಜೊತೆ ಸಿಕ್ಕಿತ್ತು.

ಮರುದಿನ ಬೆಳಗ್ಗೆ ಅವಳ ತಾಯಿ ಅವಳನ್ನು ಕರೆದುಕೊಂಡು ಮನೆಗೇ ಬಂದರು. ಕೈಯಲ್ಲಿ ತಟ್ಟೆ; ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಹುಡುಗಿಯ ಕಣ್ಣು ಅತ್ತು ಊದಿಕೊಂಡಿತ್ತು.

"ಗುರುಗಳ ಮೇಲೆ ಕೈ ಮಾಡ್ಬಿಟ್ಟವ್ಳೆ ಕಣಮ್ಮ," ಎಂದರು ತಾಯಿ. "ತಪ್ಪಾಯ್ತು. ಶಾಪ ಗೀಪ ಹಾಕ್ಬೇಡಿ."

ಅಯ್ಯೋ, ಹೊಡೆ ಎಂದವಳೇ ನಾನು, ಅದೇ ಪಾಠ ಎಂದು ಎಷ್ಟೋ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದರು, ಒಂದನ್ನೂ ಒಪ್ಪಲಿಲ್ಲ. ನಿಮ್ಮದು ದೊಡ್ಡ ಮನಸ್ಸು, ಹಾಗನ್ನುತ್ತೀರಿ ಎಂದರು. ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ಎದ್ದ ಮೇಲೆ ನನ್ನ ಮುಖ ನೋಡಲಿಲ್ಲ.

ಮುಂದಿನ ಕ್ಲಾಸಿನಲ್ಲಿ ಅವಳ ಜೊತೆಯವಳು ಬಂದಿದ್ದರೂ ನಾನೇ ಅವಳೆದುರು ನಿಂತೆ, ಹೊಡಿ ಎಂದೆ. ಅವಳ ಮುಷ್ಟಿ ಜೋರಾಗಿ ಬಂದು, ನನ್ನಿಂದ ಗೇಣು ದೂರದಲ್ಲಿ ನಿಂತುಬಿಟ್ಟಿತು.

"ಆಗಲ್ಲ ಮಿಸ್," ಎಂದಳು. ಅವಳನ್ನು ಜೊತೆಯವಳ ಎದುರಿಗೆ ನಿಲ್ಲಿಸಿ ಈಚೆ ಬಂದೆ.

ಪಕ್ಕೆಯಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಗಾಗಿತ್ತು. ಓನರ್ ಮನೆಯ ಆಂಟಿ ಅರಿಶಿನ ಬಿಸಿ ಮಾಡಿ ಹಚ್ಚಿಕೊಳ್ಳಲು ಹೇಳಿದರು. ಹಚ್ಚಲಿಲ್ಲ. ದಿನಾ ಸ್ನಾನ ಮಾಡುವಾಗ, ಇನ್ನೂ ನೋಯುತ್ತಾ ಎಂದು ಒತ್ತಿ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಒತ್ತಿದೆ, ನೋಯಲಿಲ್ಲ. ಬಚ್ಚಲಲ್ಲೇ ಕೂತು ಅತ್ತೆ.