ಹೊಲಿಗೆಯಕ್ಕನ ನಲವತ್ತೊಂದು ಕಮೆಂಟು

ಹೊಲಿಗೆಯಕ್ಕನ ಅಂಗಡಿಗೆ ಹೊಸ ಬಟ್ಟೆ ಹೊಲಿಸಲು ಬರುವವರು ಕಡಿಮೆ. ಬಿಗಿಯಾದದ್ದನ್ನು ಸಡಿಲಿಸಲು, ಉದ್ದವಾದದ್ದನ್ನು ಗಿಡ್ಡ ಮಾಡಿಸಲು, ಕೈಕೊಟ್ಟ ಜಿಪ್ಪನ್ನು ಸರಿಮಾಡಿಸಲು ಬರುವವರೇ ಹೆಚ್ಚು. ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಎಂಟಡಿಯ ಕೋಣೆ. ಒಂದು ಮಷೀನು, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಒಂದು ಕಬ್ಬಿಣದ ಸರಳು. ಯಾವ ಬಟ್ಟೆಯನ್ನೂ ಅವಳು ಬಂದ ದಿನವೇ ಮಷೀನಿಗೆ ಕೊಡುವುದಿಲ್ಲ. ಮೊದಲು ಬಿಳಿ ನೂಲಿನಲ್ಲಿ ಕೈಯಿಂದ ಸಡಿಲವಾಗಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ಆ ಸರಳಿಗೆ ನೇತು ಹಾಕುತ್ತಾಳೆ. ಒಂದು ದಿನ ತೂಗಿದ ಮೇಲೆ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿದು, ಎಲ್ಲಿ ತಪ್ಪಾಗಿದೆ ಎಂದು ತೋರಿಸುತ್ತದೆ. ಆಮೇಲೆ ಪಕ್ಕಾ ಹೊಲಿಗೆ. ಅವಸರದ ಗಿರಾಕಿಗಳಿಗೆ ಅವಳ ಉತ್ತರ ಒಂದೇ: "ಈಗ್ಲೇ ಬೇಕಾದ್ರೆ ಪಿನ್ ಚುಚ್ಚಿ ಕೊಡ್ತೀನಿ, ತಗೊಂಡು ಹೋಗಿ."

ವಯಸ್ಸು ಐವತ್ತೆರಡು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಅಳತೆ ಕೂಡಿ ಬರ್ಲಿಲ್ಲ" ಅಂದು ಬಾಯಿ ಮುಚ್ಚಿಸುತ್ತಾಳೆ. ಅಣ್ಣ, ಅತ್ತಿಗೆಯ ಜೊತೆ ವಾಸ. ಮನೆಯಲ್ಲಿ ಮಾತಿಗೇನೂ ಬರವಿಲ್ಲ. ಆದರೆ ಅಲ್ಲಿನ ಮಾತೆಲ್ಲ ಗ್ಯಾಸು, ನೀರು, ಅಣ್ಣನ ಮಂಡಿ ನೋವು. ತಲೆಯೊಳಗೆ ಓಡುವುದನ್ನು ಹೇಳಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ. ಇದ್ದಾರೆ ಎಂದು ಅವಳು ತಿಳಿದುಕೊಂಡಿದ್ದ ಒಬ್ಬರ ಕಥೆಯೇ ಇದು.

ನಾಲ್ಕು ವರ್ಷದ ಹಿಂದೆ ಯಾರೋ ಗಿರಾಕಿ ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿದ್ದರು. ಬ್ಲಾಗಿನ ಹೆಸರು 'ಏಳು ಮಹಡಿ'. ಬರೆಯುವವರು ಯಾವುದೋ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವರು. ಹೆಸರಿಲ್ಲ, ಫೋಟೋ ಇಲ್ಲ. ತಿಂಗಳಿಗೊಂದು ಪೋಸ್ಟು. ಸ್ಟೂಲಿನ ಮೇಲೆ ಕೂತು ಇಡೀ ದಿನ ಗುಂಡಿ ಒತ್ತುವಾತ ಕಂಡದ್ದು: ಹತ್ತುವವರು ಬಾಗಿಲ ಮೇಲಿನ ಅಂಕಿಯನ್ನೇ ನೋಡುತ್ತಿರುತ್ತಾರಂತೆ, ಇಳಿಯುವವರು ತಮ್ಮ ಚಪ್ಪಲಿಯನ್ನು. ಮಗು ಹುಟ್ಟಿದವರಿಗೆ ಯಾವ ಮಹಡಿಗೆ ಹೋಗಬೇಕೆಂಬುದೇ ಮರೆತುಹೋಗುತ್ತದಂತೆ. ಹೊಲಿಗೆಯಕ್ಕ ಅದನ್ನು ಓದಿ, ಶೆಟರ್ ಅರ್ಧ ಎಳೆದು, ಮತ್ತೊಮ್ಮೆ ಓದಿದಳು. ದಿನವೂ ಸೊಂಟ, ಭುಜ, ತೋಳು ಅಳೆಯುವ ಅವಳಿಗೆ, ಮನುಷ್ಯರನ್ನು ಇಷ್ಟು ಹತ್ತಿರದಿಂದ ಸುಮ್ಮನೆ ನೋಡುವ ಇನ್ನೊಬ್ಬರು ಇದ್ದಾರೆ ಎಂದು ಅಂದೇ ಗೊತ್ತಾದದ್ದು.

ಕೆಳಗೆ ಕಮೆಂಟ್ ಹಾಕುವ ಜಾಗವಿತ್ತು. ಅಲ್ಲಿ ಒಬ್ಬ ಪುಣ್ಯಾತ್ಮ ಪ್ರತಿ ಪೋಸ್ಟಿಗೂ ತಪ್ಪದೆ 'ಸೂಪರ್' ಎಂದಷ್ಟೇ ಬರೆಯುತ್ತಿದ್ದ. ಇಷ್ಟು ಚೆನ್ನಾಗಿ ಬರೆದದ್ದಕ್ಕೆ ಒಂದೇ ಒಂದು ಪದವೇ ಎಂದು ಅವಳು ಮೂಗು ಮುರಿದಳು. ಅವನಿಗೆ 'ಸೂಪರಪ್ಪ' ಎಂದು ಹೆಸರೂ ಇಟ್ಟಳು. ತಾನಂತೂ ಹಾಗೆ ಮಾಡುವವಳಲ್ಲ. ಅಳತೆ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು, ಒಂದು ದಿನ ಹಾಗೇ ಬಿಟ್ಟು, ಮಾರನೆಯ ದಿನ ಮಧ್ಯಾಹ್ನ ಹೊಡೆದುಹಾಕಿ, ತಿದ್ದಿ, ಆಮೇಲೆ ಫೋನಿನಲ್ಲಿ ಒಂದು ಬೆರಳಿನಿಂದ ಕುಟ್ಟಿ ಕಳಿಸುತ್ತಿದ್ದಳು. ಹೀಗೆ ಮೂರೂ ಚಿಲ್ಲರೆ ವರ್ಷದಲ್ಲಿ ನಲವತ್ತು ಕಮೆಂಟು. ಹೊಗಳಿಕೆ ಕಡಿಮೆ, ವಿಚಾರ ಜಾಸ್ತಿ. ಒಮ್ಮೆ ಅವರು, ಕೈಗಿಂತ ಉದ್ದದ ತೋಳಿನ ದೊಗಳೆ ಕೋಟು ತೊಟ್ಟು ಬಂದವನೊಬ್ಬನನ್ನು ತಮಾಷೆ ಮಾಡಿ ಬರೆದಿದ್ದರು. ಇವಳು ಬರೆದಳು: "ತೋಳನ್ನು ಒಳಗೆ ಮಡಚಿ ಪಿನ್ ಹಾಕಿದ್ದ ಅಂತ ನೀವೇ ಹೇಳಿದ್ದೀರಿ. ಹಾಗಾದರೆ ಆ ಕೋಟು ಅವನದ್ದಲ್ಲ, ಬೇರೆಯವರಿಂದ ತಂದದ್ದು. ಯಾರನ್ನೋ ನೋಡುವುದಕ್ಕೆ ಚೆನ್ನಾಗಿ ಕಾಣಬೇಕು ಅಂತ ತಂದಿದ್ದಾನೆ. ನೀವು ನಗಬಾರದಿತ್ತು."

ಒಂದಕ್ಕೂ ಉತ್ತರ ಬರಲಿಲ್ಲ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಕಡಿಮೆ ಮಾತಿನ ಮನುಷ್ಯ, ಓದಿ ಸುಮ್ಮನಿರುತ್ತಾರೆ ಎಂದುಕೊಂಡಳು. ಪ್ರತಿ ಕಮೆಂಟಿನ ಮೇಲೂ ಇಂಗ್ಲಿಷಿನಲ್ಲಿ ಬೂದು ಬಣ್ಣದ ಸಣ್ಣ ಸಾಲೊಂದು ಕಾಣುತ್ತಿತ್ತು. ಫೋನಿನವರು ಏನೋ ಹಾಕಿಕೊಂಡಿರುತ್ತಾರೆ ಎಂದು ಅದರ ಗೊಡವೆಗೆ ಹೋಗಲಿಲ್ಲ.

ನಲವತ್ತೊಂದನೆಯ ಪೋಸ್ಟು ಚಿಕ್ಕದು. ಸೋಮವಾರದಿಂದ ಹೊಸ ಲಿಫ್ಟಂತೆ, ಜನ ತಾವೇ ಗುಂಡಿ ಒತ್ತಿಕೊಳ್ಳುತ್ತಾರಂತೆ, ಸ್ಟೂಲು ಸ್ಟೋರ್ ರೂಮಿಗೆ ಹೋಯಿತಂತೆ. ಕೊನೆಯಲ್ಲಿ ಒಂದು ಪ್ರಶ್ನೆ: "ಇಷ್ಟು ದಿನ ಬರೆದೆ. ನನ್ನ ಅಣ್ಣನನ್ನು ಬಿಟ್ಟು ಇದನ್ನು ಓದುವವರು ಯಾರಾದರೂ ಇದ್ದೀರಾ? ಒಬ್ಬರಿದ್ದರೂ ಬರೆಯುತ್ತೇನೆ."

ಇಂಥ ಪ್ರಶ್ನೆಗೆ ಉತ್ತರ ಚೆನ್ನಾಗಿರಬೇಡವೇ? ಹೊಲಿಗೆಯಕ್ಕ ಬರೆದಳು, ಹೊಡೆದಳು, ಮತ್ತೆ ಬರೆದಳು. ಒಂದು ದಿನ ನೇತು ಹಾಕಿದ್ದು ಸಾಲದೆ ಒಂಬತ್ತು ದಿನ ನೇತು ಹಾಕಿದಳು. ಹತ್ತನೆಯ ದಿನ, ತಡವಾದದ್ದಕ್ಕೆ ಕ್ಷಮೆ ಕೇಳಿ, ಕಳಿಸಿದಳು. ಆಮೇಲೆ ಆ ಬ್ಲಾಗಿನಲ್ಲಿ ಒಂದಕ್ಷರ ಬರಲಿಲ್ಲ. ಒಂದು ತಿಂಗಳಾಯಿತು, ಆರಾಯಿತು, ಎಂಟಾಯಿತು. ದಿನವೂ ಊಟ ಮುಗಿಸಿ, ಕೈ ಒರೆಸಿಕೊಂಡು, ಅದೇ ಪುಟ ತೆರೆಯುತ್ತಿದ್ದಳು. ಇದ್ದೀರಾ ಎಂದು ಕೇಳಿದವರನ್ನು ಒಂಬತ್ತು ದಿನ ಬಾಗಿಲಲ್ಲಿ ನಿಲ್ಲಿಸಿದೆನಲ್ಲ, ಅದಕ್ಕೇ ಹೊರಟುಹೋದರು ಎಂದು ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ಮುಖವನ್ನೇ ಕಾಣದ ಒಬ್ಬರಿಗಾಗಿ ಮನಸ್ಸು ಹೀಗೆ ಹಂಬಲಿಸಬಹುದೆಂದು ಅವಳಿಗೇ ಗೊತ್ತಿರಲಿಲ್ಲ.

ಒಂದು ಭಾನುವಾರ, ಅವರೆಕಾಳು ಬಿಡಿಸುತ್ತಾ ಕೂತಿದ್ದ ಅತ್ತಿಗೆಗೆ ಅದನ್ನೆಲ್ಲ ಹೇಳಿಕೊಂಡಳು. ಅತ್ತಿಗೆ ಸರ್ಕಾರಿ ಕಚೇರಿಯ ಕ್ಲರ್ಕು. ಯಾವುದನ್ನೂ ಕಣ್ಣಾರೆ ನೋಡದೆ ನಂಬುವವರಲ್ಲ. ತಮ್ಮ ಫೋನಿನಲ್ಲಿ ಬ್ಲಾಗು ತೆರೆದು ಮೇಲೆ ಕೆಳಗೆ ಮಾಡಿದರು.

"ಎಲ್ಲೇ ನಿನ್ನ ಕಮೆಂಟು? ಇಲ್ಲಿ ಬರೀ ಸೂಪರ್, ಸೂಪರ್ ಅಂತಿದೆ."

"ಸರಿಯಾಗಿ ನೋಡಿ ಅತ್ತಿಗೆ. ನಂದು ಉದ್ದಕ್ಕಿರುತ್ತೆ."

"ಉದ್ದಾನೂ ಇಲ್ಲ, ಗಿಡ್ಡಾನೂ ಇಲ್ಲ. ನಿನ್ನ ಫೋನ್ ಕೊಡು ಇಲ್ಲಿ." ಅತ್ತಿಗೆ ಕನ್ನಡಕ ಏರಿಸಿ ಬೂದು ಸಾಲನ್ನು ಓದಿದರು. ಆಮೇಲೆ ಮೆಲ್ಲಗೆ ಹೇಳಿದರು: "ಅಯ್ಯೋ, ಇದು ಒಪ್ಪಿಗೆಗೆ ಕಾಯ್ತಾ ಇದೆ ಕಣೇ. ನಮ್ಮ ಆಫೀಸಿನ ಫೈಲ್ ಥರ. ಸಾಹೇಬ್ರು ಸಹಿ ಹಾಕೋವರೆಗೂ ಟೇಬಲ್ ಮೇಲೇ ಇರುತ್ತೆ. ನಿನಗೊಬ್ಬಳಿಗೆ ಮಾತ್ರ ಕಾಣೋದು."

"ಎಷ್ಟು?"

"ಎಲ್ಲಾನೂ."

ಹೊಲಿಗೆಯಕ್ಕ ಫೋನು ಕಸಿದುಕೊಂಡು ಆ ಬೂದು ಸಾಲನ್ನು ನೋಡಿದಳು. ಒಗೆಯುವ ಮೊದಲು ಕಾಲರಿನ ಚೀಟಿ ಓದಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ತನ್ನ ಕಮೆಂಟಿನ ತಲೆಯ ಮೇಲಿದ್ದ ಚೀಟಿಯನ್ನೇ ಓದಿರಲಿಲ್ಲ. ನಲವತ್ತೊಂದು ಸಲ ಮಾತಾಡಿದ್ದಳು, ಗೋಡೆಗೆ. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ: ಆ ಮನುಷ್ಯ ಯಾರೂ ಇಲ್ಲವೆಂದೇ ತಿಳಿದು ಪೆನ್ನು ಕೆಳಗಿಟ್ಟಿದ್ದರು. ಹೇಗಾದರೂ ಮಾಡಿ, ಓದುವವಳೊಬ್ಬಳು ಇದ್ದಳು ಎಂದು ಅವರಿಗೆ ತಿಳಿಯಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಇದ್ದದ್ದು ಒಂದೇ ದಾರಿ, ಸೂಪರಪ್ಪ. ಅವನ ಹೆಸರನ್ನು ಒತ್ತಿದರೆ ಅವನ ಪುಟ ತೆರೆಯಿತು. ತಾರಸಿಯ ಕುಂಡಗಳಲ್ಲಿ ಬಿಟ್ಟ ಹೂಗಳ ಫೋಟೋಗಳು, ನೂರಾರು. ಬಂದ ಕೂಡಲೇ ಕೆಲಸ ಕೇಳುವುದು ಸರಿಯಲ್ಲವೆಂದು ಅವಳು ಎರಡು ಮಧ್ಯಾಹ್ನ ಎಲ್ಲವನ್ನೂ ನೋಡಿದಳು. ಒಡೆದ ಕುಂಡವೊಂದು ತಂತಿ ಸುತ್ತಿಸಿಕೊಂಡು ಮೂರು ವರ್ಷದಿಂದ ಅದೇ ಮೂಲೆಯಲ್ಲಿತ್ತು. ಅದನ್ನು ಎಸೆಯದೆ ಉಳಿಸಿಕೊಂಡದ್ದು ತನಗೆ ಹಿಡಿಸಿತು ಎಂದು ಬರೆದಳು. ಎರಡು ನಿಮಿಷದಲ್ಲಿ ಉತ್ತರ ಬಂತು: "ಸೂಪರ್." ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ವಿಷಯ ಬರೆದಳು, ಅಂಗಡಿಯ ಫೋನ್ ನಂಬರನ್ನೂ ಹಾಕಿದಳು.

ಮಾರನೆಯ ದಿನ ಫೋನು ಬಂತು. ಮುದುಕರ ದನಿ.

"ನೋಡಿಯಮ್ಮಾ, ಲಿಫ್ಟಿನವನು ನನ್ನ ತಮ್ಮ. ಮೊದಲು ಯಾರೋ ಕೆಟ್ಟದಾಗಿ ಬೈದು ಕಮೆಂಟ್ ಹಾಕಿದ್ರು. ಅದಕ್ಕೆ ಅವನ ಮಗಳು, ಹೊಸಬರು ಬರೆದದ್ದು ಕೇಳದೆ ಕಾಣಬಾರ್ದು ಅಂತ ಏನೋ ಮಾಡಿಟ್ಟಳು. ಆಮೇಲೆ ಅವಳಿಗೆ ಮದುವೆ ಆಯ್ತು, ಹೋದಳು. ಇವನಿಗೆ ಬರೆಯೋದು ಬರುತ್ತೆ, ಆ ಬೀಗ ತೆಗೆಯೋದು ಬರಲ್ಲ. ಬೀಗ ಇದೆ ಅನ್ನೋದೇ ಮರೆತುಬಿಟ್ಟಿದ್ದಾನೆ."

"ಮತ್ತೆ ನೀವು ಪ್ರತಿ ಪೋಸ್ಟಿಗೂ..."

"ನನಗೆ ಅಷ್ಟು ಸಣ್ಣ ಅಕ್ಷರ ಓದೋಕೆ ಕಣ್ಣು ಕಾಣಲ್ಲಮ್ಮ, ನೀವು ಬರೆದದ್ದನ್ನೂ ಪಕ್ಕದ ಮನೆ ಹುಡುಗ ಓದಿ ಹೇಳಿದ್ದು. ಯಾರೂ ಇಲ್ಲ ಅಂತ ಅವನು ಬೇಜಾರು ಮಾಡ್ಕೋಬಾರ್ದಲ್ಲ. ಅದಕ್ಕೇ ಪ್ರತಿ ಸಲ ಸೂಪರ್ ಅಂತ ಹಾಕ್ತಿದ್ದೆ."

ಹೊಲಿಗೆಯಕ್ಕ ನಾಲಿಗೆ ಕಚ್ಚಿಕೊಂಡಳು. ತಮ್ಮ ಈಗ ಮಗಳ ಊರಿನಲ್ಲಿದ್ದಾನೆ, ಹೇಳಿ ನೋಡುತ್ತೇನೆ ಎಂದು ಅವರು ಫೋನಿಟ್ಟರು.

ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ಮಧ್ಯಾಹ್ನ ಮೊದಲನೆಯ ಕಮೆಂಟಿನ ಮೇಲಿನ ಬೂದು ಸಾಲು ಮಾಯವಾಗಿತ್ತು. ಉತ್ತರವಿಲ್ಲ, ಸಾಲು ಮಾತ್ರ ಇಲ್ಲ. ಮಾರನೆಯ ದಿನ ಎರಡನೆಯದು. ಅದರ ಮಾರನೆಯ ದಿನ ಮೂರನೆಯದು. ದಿನಕ್ಕೊಂದು, ಲಿಫ್ಟು ಒಂದೊಂದೇ ಮಹಡಿ ಹತ್ತಿದಂತೆ. ಅವರು ಓದುತ್ತಿದ್ದರು! ಅವರು ಓದಿದ್ದನ್ನು ಅಂದೇ ಅವಳೂ ಮತ್ತೆ ಓದುತ್ತಿದ್ದಳು; ಜೊತೆಯಲ್ಲಿ ಕೂತು ಓದಿದ ಹಾಗೆ. ಅತ್ತಿಗೆಯಂತೂ ಕಚೇರಿಯಿಂದ ಬಂದವರೇ ಚಪ್ಪಲಿ ಬಿಡುವ ಮೊದಲೇ "ಸಾಹೇಬ್ರು ಇವತ್ತು ಎಷ್ಟನೇ ಫೈಲಿಗೆ ಸಹಿ ಹಾಕಿದ್ರು?" ಎನ್ನುತ್ತಿದ್ದರು.

ಹದಿನೇಳಕ್ಕೆ ನಿಂತುಹೋಯಿತು. ಹದಿನೆಂಟನೆಯದು ಕೋಟಿನವನ ಕುರಿತದ್ದು. 'ನೀವು ನಗಬಾರದಿತ್ತು.' ಒಂದು ದಿನ, ಎರಡು ದಿನ, ನಾಲ್ಕು ದಿನ. ನನ್ನ ಬಾಯಿಗಿಷ್ಟು ಬೆಂಕಿ ಹಾಕ, ಎಂದು ಹೊಲಿಗೆಯಕ್ಕ ತನ್ನನ್ನೇ ಬೈದುಕೊಂಡಳು. ಯಾರದೋ ಪ್ಯಾಂಟಿನ ಎರಡೂ ಕಾಲುಗಳನ್ನು ಸೇರಿಸಿ ಹೊಲಿದು, ಮತ್ತೆ ಬಿಚ್ಚಿದಳು. ಅಷ್ಟು ದೂರ ಬಂದವರನ್ನು ತಾನೇ ತಿರುಗಿಸಿ ಕಳಿಸಿದೆನೇ ಎಂದು ಅನ್ನ ಸೇರಲಿಲ್ಲ. ಐದನೆಯ ದಿನ ಹದಿನೆಂಟರ ಸಾಲು ಹೋಯಿತು. ಅವಳು ಗಿರಾಕಿಯ ಎದುರೇ ಅತ್ತುಬಿಟ್ಟಳು. ಗಿರಾಕಿ ಬಟ್ಟೆ ಹಾಳಾಯಿತೇನೋ ಎಂದು ಹೆದರಿ ಎದ್ದು ನಿಂತರು.

ನಲವತ್ತೊಂದನೆಯ ಕಮೆಂಟಿನ ಸಾಲು ಹೋದದ್ದು ಒಂದು ಗುರುವಾರ. ಅದರ ಕೆಳಗೆ ಮೊದಲ ಸಲ ಅವರ ಅಕ್ಷರಗಳಿದ್ದವು.

"ಕೋಟಿನವನು ಆಮೇಲೂ ಹದಿನೈದು ದಿನ ಅದೇ ಕೋಟಿನಲ್ಲಿ ಆರನೆಯ ಮಹಡಿಗೆ ಬರುತ್ತಿದ್ದ. ಅದನ್ನು ನಾನು ಬರೆಯಲಿಲ್ಲ. ನಿಮ್ಮದನ್ನು ಓದಿದ ಮೇಲೆ, ಅವನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ, ನಾಲ್ಕು ದಿನ. ನೆನಪಾದದ್ದು ಕೋಟು ಮಾತ್ರ. ಒಂಬತ್ತು ದಿನ ತಡವಾಯಿತು ಅಂತ ಕ್ಷಮೆ ಕೇಳಿದ್ದೀರಿ. ಇಷ್ಟು ವರ್ಷ ನಿಮ್ಮನ್ನು ಹೊರಗೆ ನಿಲ್ಲಿಸಿದವನು ನಾನು. ಇನ್ನೂ ಇದ್ದೀರಾ?"

ಹೊಲಿಗೆಯಕ್ಕ ಅಳತೆಯ ಪುಸ್ತಕ ತೆಗೆದಳು, ಪೆನ್ಸಿಲಿಗೆ ಮೊನೆ ಮಾಡಿದಳು. ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಮೊದಲ ಸಾಲು ಬರೆದು, ಸರಳಿನಲ್ಲಿ ತೂಗುತ್ತಿದ್ದ ಬಟ್ಟೆಗಳನ್ನೊಮ್ಮೆ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ ಫೋನು ಎತ್ತಿಕೊಂಡು, ತಿದ್ದದೆ, ತಿರುಗಿ ನೋಡದೆ ಕುಟ್ಟಿದಳು: "ಇದ್ದೀನಿ. ಬರೀರಿ."

ಕಳಿಸಿದ ಮೇಲೆ, ಕನ್ನಡಕ ಹಾಕಿಕೊಂಡು, ಬೂದು ಸಾಲು ಇದೆಯೇ ಎಂದು ಹುಡುಕಿದಳು. ಇರಲಿಲ್ಲ.